ಕೈಯನ್ನೇ ಔಷಧಿ ಮಾಡಿಕೊಂಡ ಡಾ. ಸ್ಟಿಲ್

ಸೊಂಟ ಹಿಡಿದರೆ ತಿಕ್ಕಿಸಿಕೊಳ್ಳುವುದು ಸೊಲ್ಲಾಪುರ, ಅಕ್ಕಲಕೋಟ ಭಾಗದ ನಮಗೆ ಹೊಸದಲ್ಲ. ಅಮೆರಿಕದಲ್ಲಿ ಇಂಥ ಕೈಚಿಕಿತ್ಸೆಯನ್ನೇ ಶಾಸ್ತ್ರವಾಗಿ ಕಟ್ಟಿ, ಆಸ್ಟಿಯೋಪಥಿ ಎಂದು ಹೆಸರಿಟ್ಟವರು ಡಾ. ಆಂಡ್ರ್ಯೂ ಟೇಲರ್ ಸ್ಟಿಲ್.

ಜನನ 1828, ವರ್ಜೀನಿಯಾದಲ್ಲಿ. ತಂದೆ ಪಾದ್ರಿ, ವೈದ್ಯರೂ ಹೌದು. ಬಾಲಕನಾಗಿದ್ದಾಗ ಎರಡು ಮರಗಳ ನಡುವಿನ ಹಗ್ಗದ ಮೇಲೆ ಕುತ್ತಿಗೆಯಿಟ್ಟು ಮಲಗಿ ತಲೆನೋವು ಕಳೆದುಕೊಂಡಿದ್ದರಂತೆ! 1864ರಲ್ಲಿ ಮಿದುಳುಜ್ವರಕ್ಕೆ ಮೂವರು ಮಕ್ಕಳು ತೀರಿಕೊಂಡರು. ಸ್ವತಃ ವೈದ್ಯರಾಗಿದ್ದೂ ಏನೂ ಮಾಡಲಾಗಲಿಲ್ಲ. ಔಷಧಿಗಳ ಮೇಲಿನ ನಂಬಿಕೆಯೇ ಹೋಯಿತು. 1874ರಲ್ಲಿ ಹೊಸ ಪದ್ಧತಿ ಸಾರಿದರು, ಊರೂರು ತಿರುಗಿ ಎಲುಬು ಕೂಡಿಸಿದರು. 1892ರಲ್ಲಿ ಕರ್ಕ್ಸ್‌ವಿಲ್‌ನಲ್ಲಿ ಕಾಲೇಜು ತೆರೆದು ಮಹಿಳೆಯರಿಗೂ ಪ್ರವೇಶ ಕೊಟ್ಟರು. 1917ರಲ್ಲಿ ನಿಧನರಾದರು.

ಬಹುತೇಕ ರೋಗಗಳ ಮೂಲ ಎಲುಬಿನಲ್ಲಿದೆ ಎಂಬ ಅವರ ವಾದ ನಿಲ್ಲಲಿಲ್ಲ. ಸೊಂಟನೋವಿಗೆ ಕೈಚಿಕಿತ್ಸೆ ಕೆಲವರಿಗೆ ತುಸು ಆರಾಮ ಕೊಡುವುದುಂಟು. ಮಿದುಳುಜ್ವರದ ಸಾವು ತಗ್ಗಿದ್ದು ಮಾತ್ರ ಔಷಧಿ, ಲಸಿಕೆಗಳಿಂದ. ಅಮೆರಿಕದಲ್ಲಿ ಆಸ್ಟಿಯೋಪಥಿ ಪದವೀಧರರು ಇಂದು ಔಷಧಿಯನ್ನೂ ಬರೆದುಕೊಡುತ್ತಾರೆ, ಶಸ್ತ್ರಕ್ರಿಯೆಯನ್ನೂ ಮಾಡುತ್ತಾರೆ.