ಕಾಲೇಜಿನ ಕಲೆಯನ್ನ ಜಾತ್ರೆಗೆ ತಂದ ಮೇಷ್ಟ್ರು ನಂದಲಾಲ್ ಬೋಸ್

ಧಾರವಾಡ: ಡಿಸೆಂಬರ್ 3 ಚಿತ್ರಕಲಾವಿದ ನಂದಲಾಲ್ ಬೋಸ್ ಅವರ ಜನ್ಮದಿನ. ಹೆಸರು ಹೇಳಿದ ಕೂಡಲೇ ಎಲ್ಲರಿಗೂ ನೆನಪಾಗಲಿಕ್ಕಿಲ್ಲ. ಆದರೆ ಅವರ ಕೈಕೆಲಸವನ್ನ ನಾವೆಲ್ಲ ಒಂದಿಲ್ಲೊಂದು ಸಲ ನೋಡಿಯೇ ಇರ್ತೀವಿ. ಕೋಲು ಹಿಡಿದು ಬಿರಬಿರನೆ ಹೆಜ್ಜೆ ಹಾಕೋ ಗಾಂಧೀಜಿಯ ಕಪ್ಪು-ಬಿಳಿ ಚಿತ್ರ ಇದೆಯಲ್ಲ, ಅದು ಅವರದು. ಸಂವಿಧಾನದ ಮೂಲ ಪ್ರತಿಯ ಪುಟಗಳಲ್ಲಿರೋ ಚಿತ್ರಗಳು ಅವರ ಮತ್ತು ಅವರ ಶಿಷ್ಯರವು.

ಪಶ್ಚಿಮ ಬಂಗಾಳದ ಶಾಂತಿನಿಕೇತನದಲ್ಲಿ ಅವರು ಕಲಿಸಿದ ಕಾಲೇಜಿದೆ. ಹೆಸರು ಕಲಾಭವನ. (ನಮ್ಮ ಕಡಪಾ ಮೈದಾನದ ಕಲಾಭವನ ಅಲ್ರಿ, ಇದು ವಿಶ್ವಭಾರತಿ ವಿಶ್ವವಿದ್ಯಾಲಯದ್ದು.) ಅಲ್ಲಿ ಪ್ರತಿವರ್ಷ ಡಿಸೆಂಬರ್ 1 ಮತ್ತು 2ರಂದು, ಅವರ ಹುಟ್ಟುಹಬ್ಬದ ಮುನ್ನಾದಿನಗಳಲ್ಲಿ, ನಂದನ ಮೇಳ ಅಂತ ನಡೆಯುತ್ತದೆ. ಊರ ಮಂದಿ, ಪ್ರವಾಸಿಗರು, ಹಳೆಯ ವಿದ್ಯಾರ್ಥಿಗಳು ಎಲ್ಲರೂ ಬರ್ತಾರೆ. ಈ ಮೇಳವನ್ನ ಶುರು ಮಾಡಿದವರು ಧಾರವಾಡದಲ್ಲಿ ಹುಟ್ಟಿದ ಒಬ್ಬ ಕಲಾವಿದರು. ಅವರ ಬಗ್ಗೆ ಮುಂದೆ ಹೇಳ್ತೀವಿ. ಮೊದಲು ಗುರುಗಳ ಕಥೆ.

ಪರೀಕ್ಷೆಯಲ್ಲಿ ಫೇಲು, ಚಿತ್ರದಲ್ಲಿ ಪಾಸು

ನಂದಲಾಲರು ಹುಟ್ಟಿದ್ದು 1882ರಲ್ಲಿ, ಬಿಹಾರದ ಮುಂಗೇರ್ ಜಿಲ್ಲೆಯ ಹವೇಲಿ ಖರಗ್‌ಪುರದಲ್ಲಿ. ಬಂಗಾಳಿ ಕುಟುಂಬ. ತಂದೆ ಪೂರ್ಣಚಂದ್ರ ಬೋಸ್ ದರ್ಭಂಗಾ ಸಂಸ್ಥಾನದಲ್ಲಿ ನೌಕರಿಯಲ್ಲಿದ್ದರು. ತಾಯಿ ಕ್ಷೇತ್ರಮಣಿ ದೇವಿಗೆ ಗೊಂಬೆ, ಆಟಿಗೆ ಮಾಡೋ ಕೈಚಳಕ ಇತ್ತು. ನಂದಲಾಲರು ಚಿಕ್ಕವರಿದ್ದಾಗಲೇ ತಾಯಿ ತೀರಿಹೋದರು. ಊರಿನ ಕುಂಬಾರರು ಮಣ್ಣು ಕಲಸೋದು, ಮೂರ್ತಿ ಮಾಡೋದು ನೋಡ್ತಾ ಹುಡುಗ ಬೆಳೆದ.

ಓದಲಿಕ್ಕೆ ಅಂತ ಕಲ್ಕತ್ತಾಕ್ಕೆ ಕಳಿಸಿದರು. ಕಾಲೇಜಿನ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದರು. ವಾಣಿಜ್ಯ ಓದಿಸಿ ನೋಡಿದರು, ಅದೂ ಹತ್ತಲಿಲ್ಲ. ಅಷ್ಟರಲ್ಲಿ ಸುಧೀರಾ ದೇವಿಯವರ ಜೊತೆ ಮದುವೆಯೂ ಆಗಿತ್ತು. ಹೆಂಡತಿಯನ್ನ ಸಾಕಬೇಕಾದ ಹುಡುಗ ಚಿತ್ರ ಬರೀತೀನಿ ಅಂದರೆ ಮನೆಯವರಿಗೆ ಹೇಗಾಗಿರಬೇಡ? ಕೊನೆಗೆ ಹೇಗೋ ಒಪ್ಪಿಸಿ, 1905ರಲ್ಲಿ ಸರ್ಕಾರಿ ಕಲಾ ಶಾಲೆ ಸೇರಿದರು. ಅಲ್ಲಿ ಸಿಕ್ಕ ಗುರು ಅವನೀಂದ್ರನಾಥ ಠಾಕೂರರು.

ಅದೇ ಗುರುವಿನ ಹತ್ತಿರ ಕಲಿಯಲು 1909ರಲ್ಲಿ ನಮ್ಮ ಮೈಸೂರಿನಿಂದ ಇನ್ನೊಬ್ಬ ಹುಡುಗ ಹೋದ. ನಾಲ್ವಡಿ ಕೃಷ್ಣರಾಜ ಒಡೆಯರು ಕಳಿಸಿದ ಕೆ. ವೆಂಕಟಪ್ಪ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಅವರದೇ ಹೆಸರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಪುರಾಣ ಕಥೆಗಳ ಪುಸ್ತಕಕ್ಕೆ ನಂದಲಾಲರೂ ವೆಂಕಟಪ್ಪನವರೂ ಚಿತ್ರ ಬರೆದುಕೊಟ್ಟಿದ್ದಾರೆ.

ಶಿವ-ಸತಿ ಚಿತ್ರಕ್ಕೆ ನಂದಲಾಲರಿಗೆ 500 ರೂಪಾಯಿ ಬಹುಮಾನ ಬಂತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಆ ದುಡ್ಡು ಹಿಡಕೊಂಡು ಅವರು ದೇಶ ಸುತ್ತಿದರು. ಆಮೇಲೆ ಅಜಂತಾಕ್ಕೆ ಹೋಗಿ ಗುಹೆಯ ಚಿತ್ರಗಳನ್ನ ಪ್ರತಿ ಮಾಡಿದರು. ಚಿತ್ರ ಅಂದರೆ ಚೌಕಟ್ಟು ಹಾಕಿ ಶ್ರೀಮಂತರ ಮನೆಯಲ್ಲಿ ತೂಗುಹಾಕೋದಷ್ಟೇ ಅಲ್ಲ, ಬಂದವರೆಲ್ಲ ನೋಡೋ ಗೋಡೆಯ ಮೇಲೂ ಇರಬಹುದು ಅನ್ನೋದಕ್ಕೆ ಅಜಂತಾಕ್ಕಿಂತ ದೊಡ್ಡ ಪಾಠ ಇರಲಿಲ್ಲ. ಅವರ ಮುಂದಿನ ಜೀವನವೆಲ್ಲ ಆ ದಾರಿಯಲ್ಲೇ ಹೋಯಿತು.

ಗೋಡೆಯೇ ಪಾಟಿ, ಊರೇ ತರಗತಿ

ರವೀಂದ್ರನಾಥ ಠಾಕೂರರು 1919ರಲ್ಲಿ ಕಲಾಭವನ ಆರಂಭಿಸಿದರು. 1922ರಲ್ಲಿ ನಂದಲಾಲರು ಅದರ ಪ್ರಾಂಶುಪಾಲರಾದರು. 1951ರಲ್ಲಿ ನಿವೃತ್ತರಾಗೋ ತನಕ ಅಲ್ಲೇ. ವಿದ್ಯಾರ್ಥಿಗಳು ಅವರನ್ನ ಕರೆಯುತ್ತಿದ್ದದ್ದು ಮಾಸ್ಟರ್ ಮಶಾಯ್ ಅಂತ. ನಮ್ಮಲ್ಲಿ ಮೇಷ್ಟ್ರೇ, ಮಾಸ್ತರ್ರೇ ಅಂತೀವಲ್ಲ, ಹಾಗೇ.

ಅವರು ಕಲಿಸೋ ರೀತಿ ಬೇರೆ ಇತ್ತು. ಮೂರ್ತಿ ಎದುರಿಗಿಟ್ಟು ನಕಲು ಮಾಡಿಸೋ ಪದ್ಧತಿ ಕೈಬಿಟ್ಟರು. ಮಕ್ಕಳನ್ನ ಹೊಲಕ್ಕೆ, ಹೊಳೆ ದಂಡೆಗೆ, ಸಂತಾಲ ಬುಡಕಟ್ಟಿನ ಹಳ್ಳಿಗಳಿಗೆ ಕರಕೊಂಡು ಹೋದರು. ಚಳಿಗಾಲದ ಪೌಷ ಮೇಳ ಬಂತೆಂದರೆ ಹಳ್ಳಿಯ ಮಂದಿ, ಬಾವುಲ್ ಹಾಡುಗಾರರು, ಗೊಂಬೆ ಮಾರುವವರು ಎಲ್ಲ ಸೇರುತ್ತಿದ್ದರು. ಕಲಾ ವಿದ್ಯಾರ್ಥಿಗಳಿಗೆ ಅದೂ ಒಂದು ತರಗತಿ.

ಶಾಂತಿನಿಕೇತನದ ಹಬ್ಬಗಳ ಅಲಂಕಾರವೆಲ್ಲ ಕಲಾಭವನದ ಪಾಲಿಗೆ ಬಂತು. ಗಿಡ ನೆಡುವ ವೃಕ್ಷಾರೋಪಣ, ನೇಗಿಲು ಹೂಡುವ ಹಲಕರ್ಷಣ, ವಸಂತೋತ್ಸವ, ನಾಟಕದ ರಂಗಸಜ್ಜಿಕೆ, ವೇಷಭೂಷಣ ಎಲ್ಲಾ. ಬಂಗಾಳದ ಹೆಣ್ಣುಮಕ್ಕಳು ಅಕ್ಕಿ ಹಿಟ್ಟಿನಲ್ಲಿ ನೆಲದ ಮೇಲೆ ಬರೆಯೋ ಅಲ್ಪನಾ, ಅಂದರೆ ಅವರ ರಂಗೋಲಿ, ಕಾಲೇಜಿನ ಪಾಠವಾಯಿತು. ಮನೆ ಮುಂದೆ ಹೆಂಗಸರು ಹಾಕೋದು ಕಲೆ ಅಲ್ಲ ಅನ್ನೋ ಮಾತಿಗೆ ಅಲ್ಲಿ ಜಾಗ ಇರಲಿಲ್ಲ.

ಗೋಡೆಗಳನ್ನಂತೂ ಅವರು ಬಿಡಲೇ ಇಲ್ಲ. ಹತ್ತಿರದ ಶ್ರೀನಿಕೇತನದ ಗೋಡೆಯ ಮೇಲೆ 1930ರಲ್ಲಿ ಹಲಕರ್ಷಣ ಹಬ್ಬದ ದೊಡ್ಡ ಚಿತ್ರ ಬರೆದರು. ಚೀನಾ ಭವನದ ಗೋಡೆಯ ಮೇಲೆ ರವೀಂದ್ರರ ನಟೀರ್ ಪೂಜಾ ನಾಟಕದ ಚಿತ್ರ ಬಂತು. ವಿದ್ಯಾರ್ಥಿಗಳು ಇರಲಿಕ್ಕೆ ಕಟ್ಟಿದ ಮಣ್ಣಿನ ಮನೆಗೆ ಡಾಂಬರು ಬಳಿದು, ಗೋಡೆ ತುಂಬ ಉಬ್ಬುಚಿತ್ರ ಮಾಡಿದರು. ಅದೇ ಕಾಲೋ ಬಾರಿ, ಕಪ್ಪು ಮನೆ. ನಂದಲಾಲರ ಜೊತೆ ರಾಮ್‌ಕಿಂಕರ್ ಬೈಜ್, ವಿನೋದ ಬಿಹಾರಿ ಮುಖರ್ಜಿಯಂಥ ಶಿಷ್ಯರೂ ಚಿಕ್ಕ ಹುಡುಗರೂ ಅಲ್ಲಿ ಕೈ ಕೆಸರು ಮಾಡಿಕೊಂಡವರೇ. ಶಾಂತಿನಿಕೇತನಕ್ಕೆ ಹೋದವರು ಈ ಮನೆಯನ್ನ ಇವತ್ತೂ ನೋಡಬಹುದು.

ಬಂಗಾಳಿ ಮಕ್ಕಳು ಅಕ್ಷರ ಕಲಿಯೋ ರವೀಂದ್ರರ ಸಹಜ ಪಾಠ ಪುಸ್ತಕಕ್ಕೂ ನಂದಲಾಲರದೇ ಚಿತ್ರ. ಮ್ಯೂಸಿಯಂ ಮೆಟ್ಟಿಲು ಹತ್ತದ ಮನೆಗಳಿಗೂ ಅವರ ಗೆರೆ ಹೀಗೆ ಹೋಗಿ ಮುಟ್ಟಿತು.

ಹರಿಪುರದ ದ್ವಾರಗಳ ಮೇಲೆ ಚಮ್ಮಾರ, ಬಡಿಗ

ಇದನ್ನೆಲ್ಲ ಗಮನಿಸಿದವರು ಗಾಂಧೀಜಿ. 1936ರಲ್ಲಿ ಮಹಾರಾಷ್ಟ್ರದ ಫೈಜ್‌ಪುರ ಎಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ಇಟ್ಟುಕೊಂಡಾಗ ಮಂಟಪ ಕಟ್ಟುವ ಜವಾಬ್ದಾರಿ ನಂದಲಾಲರಿಗೆ ಕೊಟ್ಟರು. ಬಿದಿರು, ಹುಲ್ಲು, ಹಳ್ಳಿಯಲ್ಲಿ ಏನು ಸಿಗುತ್ತೋ ಅದರಲ್ಲೇ ಎಲ್ಲಾ ಆಯಿತು.

1938ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರ ಅಧಿವೇಶನ. ಅಧ್ಯಕ್ಷರು ಸುಭಾಷ್‌ಚಂದ್ರ ಬೋಸ್. ಇದಕ್ಕಾಗಿ ನಂದಲಾಲರು ತಾವೇ ಬರೆದ ಫಲಕಗಳು 80ಕ್ಕೂ ಹೆಚ್ಚು. ತಂಡದವರು ಮಾಡಿದ ಪ್ರತಿಗಳೂ ಸೇರಿ ಸುಮಾರು 400. ದೇಶಿ ಕಾಗದ, ಮಣ್ಣಿನ ಬಣ್ಣ, ದಪ್ಪ ಗೆರೆ. ಅದರಲ್ಲಿ ದೇವಾನುದೇವತೆಗಳಿಗಿಂತ ಜಾಸ್ತಿ ಇದ್ದವರು ದುಡಿಯೋ ಮಂದಿ. ಚಮ್ಮಾರ, ಬಡಿಗ, ಕುಂಬಾರ, ಡೋಲು ಬಾರಿಸುವವ, ನೂಲುವ ಹೆಂಗಸು, ಕುಟ್ಟೋ ಬೀಸೋ ಹೆಂಗಸರು, ಗೂಳಿ ಹಿಡಿದವ. ಫಲಕಗಳನ್ನ ಬಯಲಿನಲ್ಲೇ ದ್ವಾರ, ಮಂಟಪ, ಗುಡಿಸಲುಗಳ ಮೇಲೆ ಹಾಕಿದ್ದರು. ಟಿಕೆಟ್ಟಿಲ್ಲ, ಬಾಗಿಲು ಕಾಯೋರಿಲ್ಲ. ಅಧಿವೇಶನಕ್ಕೆ ಬಂದ ರೈತ ತನ್ನಂಥವನದೇ ಚಿತ್ರದ ಕೆಳಗೆ ನಡೆದು ಒಳಗೆ ಹೋದ.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ ಕೈಬರಹದ ಪ್ರತಿ ಅಲಂಕರಿಸೋ ಕೆಲಸವೂ ಅವರ ತಂಡಕ್ಕೇ ಬಂತು. ಅಕ್ಷರ ಬರೆದವರು ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ. ಪೀಠಿಕೆ ಪುಟದ ಅಂಚು ನಂದಲಾಲರ ಶಿಷ್ಯ ಬೇವಹಾರ್ ರಾಮಮನೋಹರ ಸಿನ್ಹಾ ಅವರದು. ಮೊಹೆಂಜೊದಾರೊ ಗೂಳಿಯಿಂದ ಹಿಡಿದು ದಂಡಿ ಯಾತ್ರೆ ತನಕ ಚಿತ್ರಗಳಿವೆ. ಒಂದು ಪುಟದಲ್ಲಿ ಝಾನ್ಸಿ ರಾಣಿ ಲಕ್ಷ್ಮೀಬಾಯಿ ಜೊತೆ ನಮ್ಮ ಟಿಪ್ಪು ಸುಲ್ತಾನರೂ ಇದ್ದಾರೆ.

1954ರಲ್ಲಿ ಪದ್ಮವಿಭೂಷಣ ಬಂತು. 1966ರ ಏಪ್ರಿಲ್ 16ರಂದು ಕಲ್ಕತ್ತಾದಲ್ಲಿ ನಂದಲಾಲರು ತೀರಿಕೊಂಡರು.

ಧಾರವಾಡದ ಶಿಷ್ಯ ಶುರು ಮಾಡಿದ ಮೇಳ

ಈಗ ನಮ್ಮೂರಿನವರ ವಿಷಯ. ದಿನಕರ ಕೌಶಿಕ್ ಹುಟ್ಟಿದ್ದು 1918ರಲ್ಲಿ, ಧಾರವಾಡದಲ್ಲಿ. 1940ರ ಹೊತ್ತಿಗೆ ಶಾಂತಿನಿಕೇತನಕ್ಕೆ ಹೋಗಿ ನಂದಲಾಲರ ಶಿಷ್ಯರಾದರು. ಗುರು ತೀರಿಕೊಂಡ ಮರುವರ್ಷ ಅದೇ ಕಲಾಭವನಕ್ಕೆ ಪ್ರಾಂಶುಪಾಲರಾಗಿ ಬಂದರು. ಗುರುವಿನ ಜೀವನ ಚರಿತ್ರೆಯನ್ನೂ ಬರೆದರು.

1973ರಲ್ಲಿ ಅವರು ಆರಂಭಿಸಿದ್ದೇ ನಂದನ ಮೇಳ. ಕಷ್ಟದಲ್ಲಿರೋ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲೇ ಒಂದು ನಿಧಿ ಬೇಕಿತ್ತು. ಕಾಯಿಲೆ ಬಿದ್ದರೆ, ಅಪಘಾತವಾದರೆ, ಮನೆಯಿಂದ ದುಡ್ಡು ಬಾರದಿದ್ದರೆ ಹುಡುಗ ಓದು ಬಿಟ್ಟು ಹೋಗಬಾರದಲ್ಲ? ಅದಕ್ಕೆ ದಾನ ಎತ್ತೋ ಬದಲು, ಮೇಷ್ಟ್ರು ಮತ್ತು ವಿದ್ಯಾರ್ಥಿಗಳು ತಾವೇ ಮಾಡಿದ್ದನ್ನ ಮಾರಾಟಕ್ಕಿಟ್ಟರು. ಕ್ಯಾಲೆಂಡರು, ಡೈರಿ, ಕಾರ್ಡು, ಅಚ್ಚಿನ ಚಿತ್ರ, ಮಣ್ಣಿನ ಪಾತ್ರೆ, ಕೈಯಲ್ಲಿ ಮಾಡಿದ ಒಡವೆ. ಸಾಮಾನ್ಯ ಜನ ಕೊಳ್ಳೋ ಬೆಲೆ. ಜೊತೆಗೆ ತಿಂಡಿ ಅಂಗಡಿ, ಹಾಡು, ಕುಣಿತ. ಬಂದ ಹಣ ವಿದ್ಯಾರ್ಥಿ ಕಲ್ಯಾಣ ನಿಧಿಗೆ. ಹೆಸರಾಂತ ಕಲಾವಿದರಾದ ಮೇಷ್ಟ್ರ ಕೆಲಸವೂ ಮೊದಲ ವರ್ಷದ ಹುಡುಗಿಯ ಕೆಲಸವೂ ಒಂದೇ ಆವರಣದಲ್ಲಿ ಮಾರಾಟವಾಗುತ್ತವೆ.

ಕಲಾಭವನಕ್ಕೆ ನಂದನ್ ಅನ್ನೋ ಸ್ವಂತ ಮ್ಯೂಸಿಯಂ ಕೂಡ ಇದೆ. ನಂದಲಾಲರು, ರಾಮ್‌ಕಿಂಕರ್, ವಿನೋದ ಬಿಹಾರಿಯಂಥವರ ಮೂಲ ಕೃತಿಗಳು ಅಲ್ಲಿವೆ. ಮೇಳಕ್ಕೆ ಅಂತ ಬಂದವರಿಗೆ ಕಾಲೇಜಿನ ಅಂಗಳದ ಪರಿಚಯ ಆಗುತ್ತದೆ. ಒಂದು ಸಲ ಅಂಗಳಕ್ಕೆ ಬಂದವರಿಗೆ ಒಳಗಿನ ಮ್ಯೂಸಿಯಂ ಬಾಗಿಲು ಅಷ್ಟು ದೂರ ಅನ್ನಿಸೋದಿಲ್ಲ.

ನಮ್ಮ ಜಿಲ್ಲೆಗೆ ಇದರಲ್ಲಿ ಏನಿದೆ ಅಂತ ಕೇಳಬಹುದು. ಡಿ.ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು ಇದು. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿ ವಸ್ತುಸಂಗ್ರಹಾಲಯ ಇದೆ. ಚಿತ್ರ ಕಲಿಯೋ ಹುಡುಗ ಹುಡುಗಿಯರು ಇಲ್ಲಿ ಇದ್ದಾರೆ, ಫೀಸು ಕಟ್ಟಲಿಕ್ಕೆ ಒದ್ದಾಡೋರೂ ಇದ್ದಾರೆ. ಧಾರವಾಡದಲ್ಲಿ ಹುಟ್ಟಿದ ಕೌಶಿಕರು ಶಾಂತಿನಿಕೇತನದಲ್ಲಿ ಮಾಡಿದ್ದನ್ನ ಧಾರವಾಡದಲ್ಲೂ ಮಾಡಬಹುದು. ಅದಕ್ಕೆ ಬೇಕಾಗಿರೋದು ವರ್ಷಕ್ಕೆ ಎರಡು ದಿನ, ತೆರೆದ ಗೇಟು, ನಾಲ್ಕು ಟೇಬಲ್ಲು ಮತ್ತು ಸಂಜೆ ಹೊತ್ತು ಮಕ್ಕಳನ್ನ ಕರಕೊಂಡು ಹೋಗೋ ನಾವು ನೀವು.