ಡಾಕ್ಟರ್ ಕಿಟ್ಟೆಲ್ ಅವರ ತಾಳ್ಮೆ

ಕ್ರೈಸ್ತ ಧರ್ಮದಲ್ಲಿ ತಾಳ್ಮೆಗೆ ಬಹು ದೊಡ್ಡ ಸ್ಥಾನವುಂಟು. ಮಕ್ಕಳು, ದನಕರು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನ ಕಥೆಯನ್ನು ಕ್ರೈಸ್ತರಲ್ಲದವರೂ ಕೇಳಿರುವರು. ಹೊಸ ಒಡಂಬಡಿಕೆಯಲ್ಲಿ ಯಾಕೋಬನು ತನ್ನ ಪತ್ರಿಕೆಯಲ್ಲಿ ಭಕ್ತನಿಗೆ ಮಾದರಿಯಾಗಿ ತೋರಿಸಿದ್ದು ರಾಜನನ್ನಲ್ಲ, ಪಂಡಿತನನ್ನಲ್ಲ; ಬಿತ್ತಿದ ಮೇಲೆ ಮುಂಗಾರು ಹಿಂಗಾರುಗಳ ದಾರಿ ಕಾಯುವ ಒಕ್ಕಲಿಗನನ್ನು. ಆ ಗ್ರಂಥದ ಮೂಲ ಗ್ರೀಕ್ ಭಾಷೆಯಲ್ಲಿ ತಾಳ್ಮೆಗೆ ಬಳಸಿರುವ ಒಂದು ಪದ ಹುಪೊಮೊನೆ. ಹೊರೆಯ ಕೆಳಗಿನಿಂದ ಕದಲದೆ ನಿಲ್ಲುವದೆಂದು ಅದರ ತಾತ್ಪರ್ಯ. ನಮ್ಮ ತಾಳ್ಮೆಯೂ ತಾಳು ಎಂಬ ಕ್ರಿಯಾಪದದಿಂದಲೇ ಹುಟ್ಟಿದ್ದು. ಅದರಲ್ಲಿಯೂ ಹೊರುವದು, ಸಹಿಸುವದು, ನಿಲ್ಲುವದು ಎಂಬ ಅರ್ಥಗಳಿವೆ. ನಮ್ಮ ಕಲಬುರಗಿಯ ಕಡೆ ಇದನ್ನೇ ಜನರು ಸಬರ್ ಎನ್ನುವರು. ಅದು ಅರಬ್ಬಿಯಿಂದ ಉರ್ದುವಿನ ಮೂಲಕ ನಮ್ಮ ಬಾಯಿಗೆ ಬಂದ ಮಾತು. ಮಾತುಗಳು ಬೇರೆಯಾದರೂ ಹೊರೆ ಒಂದೇ.

ಈ ಗುಣವನ್ನು ಉಪದೇಶದಿಂದ ಅರಿಯುವದಕ್ಕಿಂತ ಒಬ್ಬರ ಬಾಳಿನಿಂದ ಅರಿಯುವದು ಸುಲಭವೆಂದು ನನಗೆ ತೋರುತ್ತದೆ. ಆದಕಾರಣ ಕನ್ನಡ ನಾಡಿಗೆ ಪಾದ್ರಿಯಾಗಿ ಬಂದು ನಿಘಂಟುಕಾರರಾಗಿ ಉಳಿದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರ ಜೀವನವನ್ನು ಸಹಪಾಠಿಗಳ ಮುಂದೆ ಸಂಗ್ರಹವಾಗಿ ಇಡಲು ಇಚ್ಛಿಸುವೆನು.

ಕಿಟ್ಟೆಲ್ಲರು 1832ರಲ್ಲಿ ಜರ್ಮನಿಯ ವಾಯವ್ಯಕ್ಕೆ ಉತ್ತರ ಸಮುದ್ರದ ದಂಡೆಯಲ್ಲಿರುವ ಈಸ್ಟ್ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಅದೇ ವರುಷ ವಿಲಿಯಂ ರೀವ್ ಎಂಬ ಪಾದ್ರಿಗಳ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತೆಂಬುದು ಒಂದು ಚಮತ್ಕಾರದ ಯೋಗಾಯೋಗ. ತಂದೆ ಊರ ದೇವಾಲಯದ ಪಾದ್ರಿಗಳು. ಬಾಲಕನು ಶಾಲೆಯಲ್ಲಿಯೇ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳನ್ನು ಕಲಿತನು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮಂಗಳೂರಿಗೆ ಬಂದು ಇಳಿದರು. ಅಂದರೆ ನಾವು ಪದವಿಯ ಕೊನೆಯ ವರುಷದಲ್ಲಿ ಕುಳಿತಿರುವ ವಯಸ್ಸು. ಬಾಸೆಲ್ ಮಿಶನ್ನಿನ ಮೊದಲ ಮೂವರು 1834ರಲ್ಲಿಯೇ ಮಂಗಳೂರಿಗೆ ಬಂದಿದ್ದರು. ಅವರ ತರುವಾಯ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ್ದರು. ಹೀಗೆ ಕಿಟ್ಟೆಲ್ಲರು ಬರುವ ಹೊತ್ತಿಗೆ ಮಿಶನ್ನಿನ ಮುದ್ರಣಾಲಯ, ಶಾಲೆ, ಠಾಣೆಗಳೆಲ್ಲ ನೆಲೆಗೊಂಡಿದ್ದವು.

ತರುಣ ಕಿಟ್ಟೆಲ್ಲರು ಧಾರವಾಡದಲ್ಲಿ ಕನ್ನಡ ಕಲಿತರು. ಸವಾರಿಗಿಂತ ಕಾಲ್ನಡಿಗೆಯನ್ನೇ ಮೆಚ್ಚಿ ಹಳ್ಳಿಹಳ್ಳಿ ತಿರುಗಿದರು. ಈ ದೇಶದ ಜನರಿಗೆ ದೇವರ ಮಾತನ್ನು ಹೇಳಬೇಕಾದರೆ ಈ ದೇಶದವರಂತೆಯೇ ಬಾಳಬೇಕೆಂಬುದು ಅವರ ನಂಬಿಗೆಯಾಗಿತ್ತು. ಹಿರಿಯ ಮಿಶನರಿಗಳಿಗೆ ಇದು ಸರಿಬರಲಿಲ್ಲ. ತರುಣನ ಹುಮ್ಮಸ್ಸು ಅವರಿಗೆ ಅವಿಧೇಯತೆಯಾಗಿ ಕಂಡಿತು. ಅವರು ಮೇಲಿನವರ ಅಸಮಾಧಾನಕ್ಕೆ ಗುರಿಯಾದರು; ಕೆಲಕಾಲ ನೀಲಗಿರಿಯ ಬೆಟ್ಟಗಳಲ್ಲಿಯೂ ಇರಬೇಕಾಯಿತು. ಮತಾಂತರದ ಕಾರ್ಯದಲ್ಲಂತೂ, ಎಣಿಕೆಯಿಂದ ನೋಡಿದರೆ, ಅವರಿಗೆ ಹೇಳಿಕೊಳ್ಳುವಂಥ ಫಲವೇನೂ ದೊರೆಯಲಿಲ್ಲ. ಯಾವ ಕೆಲಸಕ್ಕೆಂದು ಕಡಲು ದಾಟಿ ಬಂದರೋ ಆ ಕೆಲಸವೇ ಕೈಗೂಡದೆ, ತನ್ನವರ ಮೆಚ್ಚುಗೆಯೂ ಇಲ್ಲದೆ ಇದ್ದಾಗ ಮನುಷ್ಯನು ಏನು ಮಾಡಿಯಾನು? ಒಂದೋ ಊರಿಗೆ ಮರಳುವನು, ಇಲ್ಲವೆ ಕಹಿಯಾಗುವನು. ಕಿಟ್ಟೆಲ್ಲರು ಇವೆರಡನ್ನೂ ಮಾಡದೆ ಕನ್ನಡವನ್ನು ಇನ್ನಷ್ಟು ಆಳವಾಗಿ ಕಲಿಯತೊಡಗಿದರು.

ಆ ಕಲಿಕೆಯ ಮೊದಲ ಫಲ 1862ರಲ್ಲಿ ಹೊರಬಂದ ಕಥಾಮಾಲೆ. ಇದರಲ್ಲಿ ಯೇಸುವಿನ ಚರಿತ್ರೆಯನ್ನು ಅವರು ನಮ್ಮ ದೇಶದ ಛಂದಸ್ಸಿನಲ್ಲಿ ಪದ್ಯವಾಗಿ ರಚಿಸಿದರು. ಪರದೇಶದ ಪಾದ್ರಿಯೊಬ್ಬನು ನಮ್ಮ ಮಾತ್ರೆ ಗಣಗಳ ಲೆಕ್ಕ ಹಿಡಿದು ಪದ್ಯ ಕಟ್ಟುವ ಮಟ್ಟಿಗೆ ಬರಲು ಎಷ್ಟು ದಿವಸ ಶ್ರಮಪಟ್ಟಿರಬೇಕೆಂಬುದನ್ನು ಛಂದಸ್ಸಿನ ಪ್ರಶ್ನೆಪತ್ರಿಕೆ ಬರೆದ ಕನ್ನಡ ವಿಭಾಗದ ಮಿತ್ರರು ಬಲ್ಲರು!

ಸಂಸಾರದಲ್ಲಿಯೂ ಅವರಿಗೆ ಪರೀಕ್ಷೆ ಕಾದಿತ್ತು. 1860ರಲ್ಲಿ ಪೌಲೀನ ಎಂಬವರನ್ನು ಮದುವೆಯಾದರು. ಕೆಲವೇ ವರುಷಗಳಲ್ಲಿ ಆಕೆ ತೀರಿಕೊಂಡರು. ಮುಂದೆ ಆಕೆಯ ತಂಗಿಯಾದ ಜೂಲಿಯವರನ್ನು ವರಿಸಿದರು. ದುಃಖವು ಅವರ ಕೆಲಸವನ್ನು ನಿಲ್ಲಿಸಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು. ಮೊದಲನೆಯದು ಹದಿಮೂರನೆಯ ಶತಮಾನದ ವ್ಯಾಕರಣ. ಎರಡನೆಯದು ಹತ್ತನೆಯ ಶತಮಾನದ ಛಂದಶ್ಶಾಸ್ತ್ರ. ತಾಳೆಗರಿಯ ಪ್ರತಿಗಳು ಒಂದಕ್ಕೊಂದು ಹೊಂದುವದಿಲ್ಲ. ಲಿಪಿಕಾರರ ತಪ್ಪುಗಳು ಹಲವು. ಅವನ್ನು ಹೋಲಿಸಿ ಸರಿಯಾದ ಪಾಠವನ್ನು ಗೊತ್ತುಮಾಡುವದು ಅವಸರದ ಕೆಲಸವಲ್ಲ.

ಇವೆಲ್ಲವೂ ಮುಂದಿನ ದೊಡ್ಡ ಕೆಲಸಕ್ಕೆ ಅಡಿಪಾಯವಾದವು. ಆಗ ಇದ್ದ ಕನ್ನಡ ನಿಘಂಟುಗಳು ವಿದ್ವಾಂಸರಿಗೆ ಸಾಲದಾಗಿದ್ದವು. ಹೊಸ ನಿಘಂಟನ್ನು ಸಿದ್ಧಪಡಿಸುವ ಹೊಣೆ ಕಿಟ್ಟೆಲ್ಲರ ಪಾಲಿಗೆ ಬಂದಿತು. ಅದಕ್ಕಾಗಿ ಅವರು ಸುಮಾರು ಎರಡು ದಶಕಗಳನ್ನು ವ್ಯಯಿಸಿದರು. ನಡುವೆ 1877ರಲ್ಲಿ ಜರ್ಮನಿಗೆ ಹೋದರೂ, ಅಲ್ಲಿ ಕುಳಿತು ಈ ಕೆಲಸ ಮುಗಿಯದೆಂದು ಕಂಡು 1883ರಲ್ಲಿ ಪುನಃ ಈ ದೇಶಕ್ಕೆ ಬಂದರು. ಆಗ ಅವರಿಗೆ ಐವತ್ತು ದಾಟಿತ್ತು. ದೇಹಸ್ಥಿತಿ ಕುಗ್ಗಿದ ಮೇಲೆ 1892ರಲ್ಲಿ ಸ್ವದೇಶಕ್ಕೆ ತೆರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಿದ್ದಿತು. 1,700ಕ್ಕೂ ಮಿಕ್ಕ ಪುಟಗಳು. ಸುಮಾರು 70,000 ಶಬ್ದಗಳು.

ಕೇವಲ ಗಣಿತಕ್ಕಾಗಿ ಲೆಕ್ಕ ಹಾಕಿ ನೋಡೋಣ. 20 ವರುಷಗಳಲ್ಲಿ 70,000 ಶಬ್ದಗಳೆಂದರೆ ವರುಷಕ್ಕೆ 3,500. ದಿನಕ್ಕೆ ಹತ್ತಕ್ಕೂ ತುಸು ಕಡಿಮೆ. ಹತ್ತು ಶಬ್ದವೇನು ಮಹಾ ಎಂದು ಯಾರಾದರೂ ಅಂದಾರು. ಆದರೆ ಕಿಟ್ಟೆಲ್ಲರ ನಿಘಂಟನ್ನು ತೆರೆದು ಒಂದು ಶಬ್ದವನ್ನು ನೋಡಬೇಕು. ಶಬ್ದವು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಇರುವದು. ಅದು ಅಚ್ಚಗನ್ನಡವೋ, ಸಂಸ್ಕೃತವೋ, ತದ್ಭವವೋ, ಮರಾಠಿಯೋ, ಹಿಂದೂಸ್ತಾನಿಯೋ ಎಂಬುದಕ್ಕೆ ಗುರುತು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಬಂಧುಗಳು ಯಾವುವೆಂಬ ಸೂಚನೆ. ಹಳಗನ್ನಡದ ೞ ಮತ್ತು ಱ ಅಕ್ಷರಗಳಿಂದ ಬರೆಯುವ ಮಾತುಗಳಿಗೆ ಅವುಗಳದೇ ರೂಪ. ಕವಿಗಳ ಪ್ರಯೋಗ ಮಾತ್ರವಲ್ಲದೆ, ಒಕ್ಕಲಿಗರೂ ಹೆಂಗಸರೂ ದಿನಬಳಕೆಯಲ್ಲಿ ಆಡುವ ಗಾದೆಗಳೂ ಸಾಕ್ಷಿಯಾಗಿ ನಿಲ್ಲುವವು. ಪಂಪನ ಪಕ್ಕದಲ್ಲಿ ಕುಂಟೆ ಹೊಡೆಯುವವನನ್ನೂ ಕುಳ್ಳಿರಿಸಿದ ನಿಘಂಟು ಅದು. ಪ್ರತಿಯೊಂದು ಶಬ್ದಕ್ಕೂ ಇಷ್ಟು ವಿಚಾರಣೆ ನಡೆಯಬೇಕಾದರೆ ದಿನಕ್ಕೆ ಹತ್ತು ಶಬ್ದವೆಂಬುದು ಹಗುರಾದ ಹೊರೆಯಲ್ಲ. ಈ ಕೆಲಸದಲ್ಲಿ ಅವರಿಗೆ ನೆರವಾದ ನಮ್ಮ ನಾಡಿನ ಪಂಡಿತರನ್ನು ಮರೆಯಲಾಗದು. ಅವರ ತಾಳ್ಮೆಯೂ ಅದೇ ಪುಟಗಳಲ್ಲಿ ಸೇರಿದೆ; ಮುಖಪುಟದ ಮೇಲೆ ಮಾತ್ರ ಒಬ್ಬರ ಹೆಸರಿದೆ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕಿಟ್ಟೆಲ್ಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ಇನ್ನು ವಿಶ್ರಾಂತಿಯೆಂದು ಬೇರೆಯವರು ಕೂರುತ್ತಿದ್ದರು. ಅವರು ಮಾತ್ರ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರುಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿಯೇ ಅವರು ಕೊನೆಯುಸಿರೆಳೆದರು.

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರುವ ಒಂದು ಸಂದೇಹವನ್ನು ವಾಚಕರ ಮುಂದೆ ಇಡಬೇಕು. ನಾನು ಕಮಲಾಪುರದವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನಮ್ಮಂಥವರಿಗೆ ತಾಳ್ಮೆಯ ಉಪದೇಶ ಹೊಸದಲ್ಲ. ಕಚೇರಿಯ ಮುಂದಿನ ಸಾಲಿನಲ್ಲಿ ತಾಳು, ಮಳೆ ಬರುವತನಕ ತಾಳು, ಸಾಲದವನು ಬೈದರೆ ತಾಳು. ಹೊಟ್ಟೆ ತುಂಬಿದವರು ಹಸಿದವರಿಗೆ ತಾಳ್ಮೆಯನ್ನು ಬೋಧಿಸುವದು ಬಹು ಸುಲಭ. ಕಿಟ್ಟೆಲ್ಲರ ಬೆನ್ನಿಗೆ ಒಂದು ಸಂಸ್ಥೆಯಿತ್ತು, ಮುದ್ರಣಾಲಯವಿತ್ತು, ಸಹಾಯಕ ಪಂಡಿತರಿದ್ದರು. ಅವರ ತಾಳ್ಮೆಗೂ ನಮ್ಮ ತಂದೆತಾಯಿಗಳ ತಾಳ್ಮೆಗೂ ಎಲ್ಲಿಯ ಹೋಲಿಕೆ?

ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದಿಷ್ಟು. ಸುಮ್ಮನೆ ಸಹಿಸಿಕೊಂಡಿರುವದೂ ತಾಳ್ಮೆಯೂ ಒಂದೇ ಅಲ್ಲ. ಕಿಟ್ಟೆಲ್ಲರು ಮೇಲಿನವರ ಅಸಮಾಧಾನವನ್ನು ಸಹಿಸಿದರೇ ವಿನಾ ಈ ಜನರ ಭಾಷೆಯಲ್ಲಿ ಮುಳುಗುವ ತಮ್ಮ ಹಟವನ್ನು ಬಿಡಲಿಲ್ಲ. ಹೊರೆಯ ಕೆಳಗೆ ನಿಂತರು. ಆದರೆ ಕೈಗಳನ್ನು ಕಟ್ಟಿ ನಿಲ್ಲಲಿಲ್ಲ. ಕಮಲಾಪುರದ ಕೆಂಪು ಬಾಳೆಯ ಹೆಸರನ್ನು ತಾವೆಲ್ಲ ಕೇಳಿರುವಿರಿ. ಬೇರೆ ಬಾಳೆ ಸುಮಾರು ಒಂದು ವರುಷದಲ್ಲಿ ಗೊನೆ ಕೊಟ್ಟರೆ ಇದು ಇನ್ನೂ ನಾಲ್ಕಾರು ತಿಂಗಳು ಹೆಚ್ಚು ಬೇಡುವದು. ಅಷ್ಟು ದಿವಸ ತೋಟಿಗನು ಸುಮ್ಮನೆ ಕೂಡುವನೇ? ನೀರು ಹಾಯಿಸುವನು, ಗೊಬ್ಬರ ಹಾಕುವನು, ಹೆಚ್ಚಿನ ಮರಿಕಂದುಗಳನ್ನು ಕೀಳುವನು, ಗಾಳಿಗೆ ಬೀಳದಂತೆ ಊರುಗೋಲು ಕೊಡುವನು. ಯಾಕೋಬನು ತೋರಿಸಿದ ಒಕ್ಕಲಿಗನೂ ಇಂಥವನೇ ಇರಬೇಕು. ನಮ್ಮ ತಂದೆತಾಯಿಗಳು ಮಗನನ್ನು ದುಡಿಮೆಗೆ ಹಚ್ಚದೆ ಹದಿನೈದು ವರುಷ ಓದಿಸಿದ್ದು ಈ ಬಗೆಯ ತಾಳ್ಮೆ. ಸಾಲಿನಲ್ಲಿ ನಿಲ್ಲಿಸಿದವರು ಬೋಧಿಸುವದು ಬೇರೆಯದು. ಅದಕ್ಕೆ ನಾವು ತಲೆಬಾಗಬೇಕಾಗಿಲ್ಲ.

ಇನ್ನೊಂದು ಮಾತು. ತಾವು ಬಯಸಿದ ಫಲವೇ ಬರಬೇಕೆಂದು ಕಿಟ್ಟೆಲ್ಲರು ಹಟ ಹಿಡಿಯಲಿಲ್ಲ. ಬಂದದ್ದು ಮತಪ್ರಚಾರಕ್ಕೆ, ಬಿಟ್ಟುಹೋದದ್ದು ಎಲ್ಲ ಮತದವರೂ ತೆರೆಯುವ ಪುಸ್ತಕ. ಅದು ಪೂರ್ಣವೂ ಅಲ್ಲ. ನಮ್ಮ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಅಚ್ಚಾದದ್ದು 1898ರಲ್ಲಿ, ಅಂದರೆ ನಿಘಂಟು ಹೊರಬಂದ ನಾಲ್ಕು ವರುಷಗಳ ಮೇಲೆ. ಫ. ಗು. ಹಳಕಟ್ಟಿಯವರು ವಚನಗಳನ್ನು ಶೋಧಿಸಿ ಬೆಳಕಿಗೆ ತಂದದ್ದು ಅದಕ್ಕೂ ಈಚೆಗೆ. ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಕಡೆಯ ಕನ್ನಡವು ಅವರು ಕೆಲಸ ಮಾಡಿದ ಸೀಮೆಯ ಹೊರಗಿತ್ತು. ಮದ್ರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರಿಂದ ಆ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತು ಅನೇಕ ವಿದ್ವಾಂಸರ ದಶಕಗಳ ದುಡಿಮೆಯಿಂದ ಎಂಟು ಸಂಪುಟಗಳ ಬೃಹತ್ ನಿಘಂಟನ್ನು ಪೂರೈಸಿತು. ಒಬ್ಬನ ತಾಳ್ಮೆ ಎಲ್ಲಿ ನಿಲ್ಲುವದೋ ಅಲ್ಲಿಂದ ಇನ್ನೊಬ್ಬನು ಹೆಗಲು ಕೊಡುವನು.

ಪರೀಕ್ಷೆಗಳು ಹತ್ತಿರ ಬಂದಿವೆ. ಪದವಿ ಕೈಗೆ ಬಂದ ಮರುದಿನವೇ ನೌಕರಿ ಏನಾಯಿತೆಂದು ಊರವರು ಕೇಳುವರು. ಅದಕ್ಕೆ ನನ್ನಲ್ಲಿಯಾಗಲಿ ನನ್ನ ಮಿತ್ರರಲ್ಲಿಯಾಗಲಿ ಸಿದ್ಧವಾದ ಉತ್ತರವಿಲ್ಲ. ಅಂಥ ದಿನಗಳಲ್ಲಿ ದಿನಕ್ಕೆ ಹತ್ತು ಶಬ್ದಗಳ ಲೆಕ್ಕವನ್ನು ನೆನೆಯುವದು ಒಳ್ಳೆಯದೆಂದು ನಾನು ಭಾವಿಸುವೆನು. ಸಹಪಾಠಿಗಳಲ್ಲಿ ಯಾರಿಗಾದರೂ ಬಿಡುವು ದೊರೆತರೆ ಕಿಟ್ಟೆಲ್ ನಿಘಂಟನ್ನು ಒಮ್ಮೆ ತೆರೆದು, ತಮ್ಮ ಮನೆಯಲ್ಲಿ ಅಜ್ಜಿ ಆಡುವ ಒಂದು ಮಾತನ್ನು ಅದರಲ್ಲಿ ಹುಡುಕಿ ನೋಡಲಿ. ಸಿಕ್ಕರೆ ಆ ಹಿರಿಯರಿಗೆ ಮನಸ್ಸಿನಲ್ಲಿಯೇ ಕೈಮುಗಿಯಲಿ. ಸಿಗದಿದ್ದರೆ ಒಂದು ಕಾಗದದ ಮೇಲೆ ಆ ಮಾತನ್ನೂ ಅದರ ಅರ್ಥವನ್ನೂ ಬರೆದಿಡಲಿ.