ಕಡಲಿಗೆ ಬೆನ್ನು ತೋರದ ಡ್ಯೂಕ್ ಕಹನಮೊಕು

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಸಾಗಿದರೆ ಕಾಸರಕೋಡು, ಅಪ್ಸರಕೊಂಡಗಳ ನಂತರ ಸಿಗುವ ಊರು ಮಂಕಿ. ಹೆದ್ದಾರಿಯಿಂದ ಪಶ್ಚಿಮಕ್ಕೆ ಹೊರಳಿದರೆ ತೆಂಗಿನ ತೋಟಗಳಾಚೆ ಉದ್ದನೆಯ ಮರಳ ದಂಡೆ. ಇಂಥ ತೀರದಲ್ಲಿ ಅಲೆಯನ್ನು ಒಡೆಯುವುದು ಬಂಡೆಯಲ್ಲ, ನೀರಿನಡಿಯ ಮರಳುದಿಣ್ಣೆ. ಆಳದಿಂದ ಬಂದ ಅಲೆಯ ಬುಡ ದಿಣ್ಣೆಗೆ ತಾಗಿ ನಿಧಾನವಾಗುತ್ತದೆ. ತಲೆ ಮಾತ್ರ ಮುಂದಕ್ಕೆ ಬಾಗಿ ನೊರೆಯಾಗಿ ಕುಸಿಯುತ್ತದೆ. ಮಳೆಗಾಲ ಕಳೆದಂತೆ ಮರಳು ಸರಿದಾಡುತ್ತದೆ, ಅದರೊಡನೆ ಅಲೆ ಒಡೆಯುವ ಜಾಗವೂ ಬದಲಾಗುತ್ತದೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮರಳ ತೀರಗಳಲ್ಲಿಯೂ ನಿಯಮ ಇದೇ.

ಈ ಅಲೆಯ ನೆತ್ತಿಯ ಮೇಲೆ ಹಲಗೆಯೊಂದನ್ನು ಇಟ್ಟು, ಅದರ ಮೇಲೆ ನೆಟ್ಟಗೆ ನಿಂತು ದಡಕ್ಕೆ ಬರುವ ವಿದ್ಯೆಯೇ ಸರ್ಫಿಂಗ್. ಹವಾಯಿ ದ್ವೀಪಗಳ ಜನ ಶತಮಾನಗಳಿಂದ ಬಲ್ಲ ಈ ವಿದ್ಯೆಯನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಅಗ್ರಗಣ್ಯರು ಡ್ಯೂಕ್ ಕಹನಮೊಕು. ಒಲಿಂಪಿಕ್ಸ್‌ನಲ್ಲಿ ಐದು ಪದಕ ಗೆದ್ದ ಈಜುಗಾರ, ಹಾಲಿವುಡ್‌ನ ಸಣ್ಣಪುಟ್ಟ ಪಾತ್ರಧಾರಿ, ಹೊನೊಲುಲು ನಗರದ ಷರೀಫ್, ಒಂದೇ ಬೆಳಿಗ್ಗೆ ಎಂಟು ಜೀವಗಳನ್ನು ಉಳಿಸಿದ ಸಾಹಸಿ. ಇವೆಲ್ಲವೂ ಒಬ್ಬರೇ ಎಂದರೆ ನಂಬುವುದು ಕಷ್ಟ.

ಹೆಸರೇ ಡ್ಯೂಕ್!

ಡ್ಯೂಕ್ ಹುಟ್ಟಿದ್ದು 1890ರ ಆಗಸ್ಟ್ 24ರಂದು, ಹೊನೊಲುಲುವಿನಲ್ಲಿ. ಹೆಸರು ಕೇಳಿ ಇವರು ಯಾವುದೋ ರಾಜಮನೆತನದವರೆಂದು ಭಾವಿಸಿದವರು ಅನೇಕ. ಆದರೆ ಅದು ಪದವಿಯಲ್ಲ, ತಂದೆಯಿಂದ ಬಂದ ಹೆಸರು. 1869ರಲ್ಲಿ ಇಂಗ್ಲೆಂಡಿನ ರಾಜಕುಮಾರ, ಎಡಿನ್‌ಬರೋದ ಡ್ಯೂಕ್ ಆಲ್ಫ್ರೆಡ್ ಹವಾಯಿಗೆ ಭೇಟಿ ನೀಡಿದ್ದ. ಆ ದಿನಗಳಲ್ಲಿ ಹುಟ್ಟಿದ ಮಗುವಿಗೆ ಡ್ಯೂಕ್ ಎಂದೇ ಹೆಸರಿಟ್ಟರು. ಆ ಮಗು ಬೆಳೆದು ಪೊಲೀಸ್ ಇಲಾಖೆಯ ನೌಕರನಾಗಿ, ತನ್ನ ಹಿರಿಯ ಮಗನಿಗೂ ಅದೇ ಹೆಸರಿಟ್ಟ.

ಡ್ಯೂಕ್ ಹುಟ್ಟಿದಾಗ ಹವಾಯಿ ಸ್ವತಂತ್ರ ರಾಜ್ಯ. 1893ರಲ್ಲಿ ಅಲ್ಲಿನ ರಾಣಿ ಲಿಲಿಯುಕಲಾನಿ ಅವರನ್ನು ಪದಚ್ಯುತಗೊಳಿಸಲಾಯಿತು. 1898ರಲ್ಲಿ ಅಮೆರಿಕ ಆ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ಹೊರಗಿನಿಂದ ಬಂದ ರೋಗಗಳು ಮೂಲನಿವಾಸಿಗಳ ಸಂಖ್ಯೆಯನ್ನು ಅದಾಗಲೇ ಇನ್ನಿಲ್ಲದಂತೆ ಕುಗ್ಗಿಸಿದ್ದವು. ಅರೆಬೆತ್ತಲೆಯಾಗಿ ಗಂಡಸರು ಹೆಂಗಸರು ಒಟ್ಟಿಗೆ ಅಲೆಯಾಡುವುದು ಮಿಷನರಿಗಳಿಗೆ ಸರಿಕಂಡಿರಲಿಲ್ಲ. ಒಂದು ಕಾಲಕ್ಕೆ ಅರಸರಿಂದ ಆಳುಕಾಳಿನವರೆಗೆ ಎಲ್ಲರೂ ಆಡುತ್ತಿದ್ದ ಆಟ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲವೇ ತೀರಗಳಲ್ಲಿ ಉಸಿರು ಹಿಡಿದುಕೊಂಡಿತ್ತು.

ಅಂಥ ತೀರಗಳಲ್ಲಿ ವೈಕಿಕಿ ಒಂದು. ಐವರು ತಮ್ಮಂದಿರು, ಮೂವರು ತಂಗಿಯರ ದೊಡ್ಡ ಸಂಸಾರದ ಹಿರಿಮಗ ಡ್ಯೂಕ್ ಅಲ್ಲಿಯೇ ಬೆಳೆದ. ಓದು ಅರ್ಧಕ್ಕೆ ನಿಂತಿತು. ಕಡಲು ಕಲಿಸಿದ್ದು ಮಾತ್ರ ಕೊನೆಯವರೆಗೂ ಉಳಿಯಿತು. ಕೋವಾ ಎಂಬ ಸ್ಥಳೀಯ ಮರದಿಂದ ಮಾಡಿದ ಡ್ಯೂಕ್‌ರ ಹಲಗೆಯ ಉದ್ದ 16 ಅಡಿ, ತೂಕ ಸುಮಾರು 52 ಕಿಲೋ. ಇಂದಿನ ಹಗುರ ಹಲಗೆಗಳಿಗಿರುವ ರೆಕ್ಕೆ ಅದರಡಿಯಲ್ಲಿ ಇರಲಿಲ್ಲ. ತಿರುಗಿಸಬೇಕಾದರೆ ಕಾಲನ್ನೇ ನೀರಿಗಿಳಿಸಬೇಕು! ಗೆಳೆಯರೊಡನೆ ಕಟ್ಟಿದ ಸಂಘಕ್ಕೆ ಹುಯಿ ನಾಲು ಎಂದು ಹೆಸರಾಯಿತು. ಹವಾಯಿ ಭಾಷೆಯಲ್ಲಿ ಅದರ ಅರ್ಥ ಅಲೆಗಳ ಕೂಟ.

ನಂಬದ ಗಡಿಯಾರಗಳು

1911ರ ಆಗಸ್ಟ್ 11. ಹೊನೊಲುಲು ಬಂದರಿನ ಉಪ್ಪುನೀರಿನಲ್ಲಿ ಈಜು ಸ್ಪರ್ಧೆ. ಡ್ಯೂಕ್ 100 ಗಜಗಳನ್ನು 55.4 ಸೆಕೆಂಡುಗಳಲ್ಲಿ ಈಜಿದರು. ಅದುವರೆಗಿನ ದಾಖಲೆಗಿಂತ ಇದು 4.6 ಸೆಕೆಂಡು ಕಡಿಮೆ. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಾಗಿ ಹೋರಾಡುವ ಕ್ರೀಡೆಯಲ್ಲಿ ಇಷ್ಟು ದೊಡ್ಡ ಅಂತರವೇ? ಅಮೆರಿಕದ ಹವ್ಯಾಸಿ ಕ್ರೀಡಾ ಒಕ್ಕೂಟ ಅದನ್ನು ನಂಬಲಿಲ್ಲ. ಗಡಿಯಾರ ಕೆಟ್ಟಿರಬೇಕು, ಇಲ್ಲವೇ ನೀರಿನ ಸೆಳೆತ ಸಹಾಯ ಮಾಡಿರಬೇಕು ಎಂಬ ಸಂಶಯ ಎದ್ದಿತು. ದಾಖಲೆಗೆ ಮನ್ನಣೆ ಸಿಗಲಿಲ್ಲ.

ಡ್ಯೂಕ್ ವಾದಕ್ಕೆ ಇಳಿಯಲಿಲ್ಲ. ಊರವರು ಕೂಡಿಸಿದ ಹಣದಲ್ಲಿ 1912ರಲ್ಲಿ ಅಮೆರಿಕದ ಮುಖ್ಯ ಭೂಮಿಗೆ ಹಡಗು ಹತ್ತಿದರು. ತೆರೆದ ಕಡಲಿನ ಈಜುಗಾರನಿಗೆ ಅಲ್ಲಿನ ಚಳಿ ಹೊಸದು, ಗೋಡೆ ಮುಟ್ಟಿ ತಿರುಗಬೇಕಾದ ಕೊಳವೂ ಹೊಸದು. ಕಲಿತರು, ಆಯ್ಕೆಯಾದರು, ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಸ್ವರ್ಣ ಗೆದ್ದರು. ರಿಲೆಯಲ್ಲಿ ಬೆಳ್ಳಿಯೂ ಬಂತು. ಕಾಲುಗಳನ್ನು ಸೊಂಟದಿಂದ ಸಡಿಲವಾಗಿ, ಬಿಡುವಿಲ್ಲದೆ ಬಡಿಯುವ ಅವರ ಶೈಲಿಯನ್ನು ನೋಡಲು ಈಜುಗಾರರೇ ಕೊಳದ ಸುತ್ತ ನೆರೆಯುತ್ತಿದ್ದರು. ಬಂದರಿನ ಗಡಿಯಾರಗಳು ಸುಳ್ಳು ಹೇಳಿರಲಿಲ್ಲ.

ಮರಳುವ ದಾರಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯ ಅಟ್ಲಾಂಟಿಕ್ ಸಿಟಿಯಲ್ಲಿ ಅವರು ಅಲೆ ಸವಾರಿಯ ಪ್ರದರ್ಶನ ನೀಡಿದರು. ಹವಳದ ದಿಬ್ಬಗಳ ಮೇಲೆ ಒಡೆಯುವ ವೈಕಿಕಿಯ ನೀಳವಾದ ಅಲೆಗೂ, ಮರಳ ಮೇಲೆ ಥಟ್ಟನೆ ಕುಸಿಯುವ ಅಟ್ಲಾಂಟಿಕ್ ಅಲೆಗೂ ಅಜಗಜಾಂತರ. ಆದರೂ ನೆರೆದ ಜನ ಕಂಡದ್ದು ನೀರಿನ ಮೇಲೆ ನಿಂತು ಬರುತ್ತಿರುವ ಮನುಷ್ಯನನ್ನು!

1914ರ ಕೊನೆಯಲ್ಲಿ ಆಸ್ಟ್ರೇಲಿಯ ಕರೆಯಿತು. ಈಜಲು ಹೋದ ಡ್ಯೂಕ್ ಸಿಡ್ನಿಯಲ್ಲಿ ಪೈನ್ ಮರದ ಹಲಗೆಯೊಂದನ್ನು ತಾವೇ ಸಿದ್ಧಪಡಿಸಿ ಫ್ರೆಶ್‌ವಾಟರ್ ಎಂಬ ಮರಳ ತೀರದಲ್ಲಿ ಅಲೆಗಿಳಿದರು. ಮುಂದಿನ ವರ್ಷದ ಆರಂಭದಲ್ಲಿ ಇಸಬೆಲ್ ಲೆಥಾಮ್ ಎಂಬ ಹದಿಹರೆಯದ ಹುಡುಗಿಯನ್ನು ತಮ್ಮ ಹಲಗೆಯ ಮೇಲೆ ನಿಲ್ಲಿಸಿಕೊಂಡು ದಡಕ್ಕೆ ತಂದರು. ಇಂದು ಸರ್ಫಿಂಗ್‌ನ ದೊಡ್ಡ ಶಕ್ತಿಗಳಲ್ಲಿ ಒಂದಾದ ಆಸ್ಟ್ರೇಲಿಯ ಆ ಹಲಗೆಯನ್ನು ಫ್ರೆಶ್‌ವಾಟರ್‌ನ ಜೀವರಕ್ಷಕ ಸಂಘದಲ್ಲಿ ಜತನದಿಂದ ಕಾಪಾಡಿಕೊಂಡಿದೆ.

ಪದಕ ಇತ್ತು, ಹೊಟ್ಟೆಪಾಡು?

ಮೊದಲ ಮಹಾಯುದ್ಧದಿಂದ 1916ರ ಒಲಿಂಪಿಕ್ಸ್ ರದ್ದಾಯಿತು. ಈಜುಗಾರನ ಬಾಳಿನ ಅತ್ಯುತ್ತಮ ವರ್ಷಗಳು ಹಾಗೆಯೇ ಕಳೆದವು. 1920ರಲ್ಲಿ ಆಂಟ್‌ವರ್ಪ್‌ಗೆ ಹೋದಾಗ ವಯಸ್ಸು 30. ಅಲ್ಲಿ 100 ಮೀಟರ್‌ನಲ್ಲಿಯೂ ರಿಲೆಯಲ್ಲಿಯೂ ಸ್ವರ್ಣ. 1924ರಲ್ಲಿ ಪ್ಯಾರಿಸ್‌ನಲ್ಲಿ ಜಾನಿ ವೈಸ್‌ಮುಲ್ಲರ್ ಮೊದಲಿಗರಾದರು, ಡ್ಯೂಕ್ ಎರಡನೆಯವರು. ಕಂಚು ಗೆದ್ದದ್ದು ಡ್ಯೂಕ್‌ರ ತಮ್ಮ ಸ್ಯಾಮ್.

ವೈಸ್‌ಮುಲ್ಲರ್ ಮುಂದೆ ಟಾರ್ಜಾನ್ ಆಗಿ ತೆರೆಯನ್ನು ಆಳಿದರು. ಡ್ಯೂಕ್‌ರೂ ಹಾಲಿವುಡ್‌ಗೆ ಹೋದರು. ಸಿಕ್ಕಿದ್ದು ಬುಡಕಟ್ಟಿನ ನಾಯಕ, ನಾವಿಕ, ಸೇವಕನಂತಹ ಚಿಕ್ಕ ಪಾತ್ರಗಳು. ಕಂದು ಮೈಬಣ್ಣದವರನ್ನು ನಾಯಕನನ್ನಾಗಿ ಕಾಣಲು ಆ ಕಾಲದ ಚಿತ್ರರಂಗ ಸಿದ್ಧವಿರಲಿಲ್ಲ. ಒಲಿಂಪಿಕ್ ವಿಜೇತನಿಗೆ ಮುಖ್ಯ ಭೂಮಿಯ ಹೋಟೆಲುಗಳಲ್ಲಿ ಊಟ ನಿರಾಕರಿಸಿದ ಪ್ರಸಂಗಗಳೂ ನಡೆದವು.

ಹವ್ಯಾಸಿ ಕ್ರೀಡಾಪಟು ಆಟದಿಂದ ಬಿಡಿಗಾಸು ಗಳಿಸುವಂತಿಲ್ಲ ಎಂಬ ಕಟ್ಟಳೆ ಇನ್ನೊಂದು ಹೊರೆ. ಸ್ಟಾಕ್‌ಹೋಮ್ ತಂಡದಲ್ಲಿ ಜೊತೆಗಿದ್ದ ಜಿಮ್ ಥಾರ್ಪ್, ಹಿಂದೆಂದೋ ಬೇಸ್‌ಬಾಲ್ ಆಡಿ ಅಲ್ಪ ಸಂಭಾವನೆ ಪಡೆದ ಕಾರಣಕ್ಕೆ 1913ರಲ್ಲಿ ಪದಕಗಳನ್ನೇ ಕಳೆದುಕೊಂಡಿದ್ದರು. ಅದು ಕಣ್ಣೆದುರಿಗಿದ್ದ ಪಾಠ. ಡ್ಯೂಕ್ ನೀರಿನ ಮೀಟರ್ ಓದಿದರು, ಸರ್ಕಾರಿ ಕಟ್ಟಡದ ಉಸ್ತುವಾರಿ ನೋಡಿಕೊಂಡರು, ಪೆಟ್ರೋಲ್ ಬಂಕ್ ನಡೆಸಿದರು. ಊರೆಲ್ಲ ಮೆರವಣಿಗೆ ಮಾಡಿದ ವ್ಯಕ್ತಿ ಊರವರ ಕಾರಿಗೆ ಪೆಟ್ರೋಲ್ ಹಾಕಿದ್ದು ವಿಪರ್ಯಾಸವಲ್ಲದೆ ಮತ್ತೇನು?

ಎಂಟು ಜೀವ

ಇಷ್ಟೆಲ್ಲದರ ನಡುವೆ ಬಂದದ್ದು 1925ರ ಜೂನ್ 14. ಆಗ ಡ್ಯೂಕ್ ಕ್ಯಾಲಿಫೋರ್ನಿಯದಲ್ಲಿದ್ದರು. ನ್ಯೂಪೋರ್ಟ್ ಬಂದರಿನ ಬಾಯಿಯಲ್ಲಿ ಥೆಲ್ಮಾ ಎಂಬ ಮೀನುಗಾರಿಕೆ ದೋಣಿ ದೊಡ್ಡ ಅಲೆಗೆ ಸಿಕ್ಕಿ ಮಗುಚಿತು. ಅದರಲ್ಲಿದ್ದವರು 17 ಮಂದಿ. ದಡದಲ್ಲಿದ್ದ ಡ್ಯೂಕ್ ಹಲಗೆ ಹಿಡಿದು ಅಲೆಗಳ ಗೋಡೆಯನ್ನು ಸೀಳಿ ಹೋದರು. ಕೈಗೆ ಸಿಕ್ಕವರನ್ನು ಹಲಗೆಗೆ ಏರಿಸಿ ದಡಕ್ಕೆ ತಂದರು, ಮತ್ತೆ ಹೊರಟರು, ಮತ್ತೆ ತಂದರು. ಹೀಗೆ ಅವರೊಬ್ಬರೇ ಉಳಿಸಿದ್ದು ಎಂಟು ಮಂದಿಯನ್ನು. ಜೊತೆಗಿದ್ದ ಇನ್ನಿಬ್ಬರು ಸರ್ಫರ್‌ಗಳು ನಾಲ್ವರನ್ನು ಉಳಿಸಿದರು. ಐವರು ಕಡಲಿನ ಪಾಲಾದರು.

ಬರಿಗೈಯಲ್ಲಿ ಈಜಿ ಹೋಗಿದ್ದರೆ ಇದು ಸಾಧ್ಯವಿರಲಿಲ್ಲ. ಹಲಗೆ ಮುಳುಗುವುದಿಲ್ಲ, ಒಡೆಯುವ ಅಲೆಯನ್ನು ಈಜುಗಾರನಿಗಿಂತ ಬೇಗ ದಾಟುತ್ತದೆ, ಏಕಕಾಲಕ್ಕೆ ಹಲವರು ಹಿಡಿದು ತೇಲಬಹುದು. ಮುಳುಗುವವನು ಗಾಬರಿಯಲ್ಲಿ ರಕ್ಷಕನ ಕುತ್ತಿಗೆಯನ್ನೇ ಅಪ್ಪಿ ಇಬ್ಬರೂ ಸಾಯುವ ಅಪಾಯವೂ ತಪ್ಪುತ್ತದೆ. ಈ ಘಟನೆಯ ನಂತರ ಕ್ಯಾಲಿಫೋರ್ನಿಯದ ಕಡಲತೀರಗಳಲ್ಲಿ ಜೀವರಕ್ಷಕರ ಸಲಕರಣೆಗಳಲ್ಲಿ ಸರ್ಫಿಂಗ್ ಹಲಗೆಯೂ ಸೇರಿತು.

ಉತ್ತರ ಕನ್ನಡದ ಓದುಗರಿಗೆ ಈ ಪ್ರಸಂಗ ದೂರದ್ದೆನಿಸದು. ಅಳಿವೆಯ ಬಾಯಿಯಲ್ಲಿ ಹೂಳು ತುಂಬಿ ಅಲೆ ಎದ್ದಾಗ ದೋಣಿ ಮಗುಚುವ ಭಯ ಇಲ್ಲಿನ ಮೀನುಗಾರರಿಗೆ ನಿತ್ಯದ್ದು. ಪ್ರವಾಸಿಗರದ್ದು ಇನ್ನೊಂದು ಬಗೆಯ ಅಪಾಯ. ಎರಡು ಮರಳುದಿಣ್ಣೆಗಳ ನಡುವಿನ ಕಂಡಿಯಲ್ಲಿ, ದಡಕ್ಕೆ ಬಂದ ನೀರೆಲ್ಲ ಕಡಲಿಗೆ ಮರಳಿ ಹರಿಯುತ್ತದೆ. ಅಲ್ಲಿ ಅಲೆ ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ಕಡಲರಿಯದವರು ಇಳಿಯುವುದು ಅಲ್ಲಿಯೇ. ಸೆಳೆತಕ್ಕೆ ಎದುರಾಗಿ ಈಜಿದರೆ ಬಲಶಾಲಿಯೂ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತ ಸಡಿಲುತ್ತದೆ. ಮಂಕಿಯಿಂದ ಕೆಲವೇ ಮೈಲಿ ದೂರದ ಮುರುಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕಡಲನ್ನು ಬಲ್ಲವರ ಅರಿವು ಕಡಲನ್ನು ಕಾಣದವರಿಗೆ ತಲುಪದಿದ್ದರೆ ಆಗುವ ನಷ್ಟ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊನೆಯ ವರ್ಷಗಳು

1930ರ ದಶಕದಲ್ಲಿ ಡ್ಯೂಕ್ ಹೊನೊಲುಲುವಿನ ಷರೀಫ್ ಆಗಿ ಚುನಾಯಿತರಾದರು. ಜನ ಅವರನ್ನು 13 ಬಾರಿ ಆರಿಸಿದರು. 1940ರಲ್ಲಿ, 50ರ ಅಂಚಿನಲ್ಲಿ, ನೃತ್ಯ ಶಿಕ್ಷಕಿ ನಡೀನ್ ಅಲೆಕ್ಸಾಂಡರ್ ಅವರನ್ನು ಮದುವೆಯಾದರು. 1959ರಲ್ಲಿ ಹವಾಯಿ ಅಮೆರಿಕದ 50ನೆಯ ರಾಜ್ಯವಾಯಿತು. ಷರೀಫ್ ಹುದ್ದೆ ಕೊನೆಗೊಂಡ ಮೇಲೆ, ಬಂದ ಗಣ್ಯರನ್ನು ಹೂಮಾಲೆ ಹಾಕಿ ಸ್ವಾಗತಿಸುವ ಅಧಿಕೃತ ಕೆಲಸ ಅವರದಾಯಿತು. 1965ರಲ್ಲಿ ಅವರ ಹೆಸರಿನ ಸರ್ಫಿಂಗ್ ಸ್ಪರ್ಧೆ ಆರಂಭವಾಯಿತು. 1968ರ ಜನವರಿ 22ರಂದು, 77ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಚಿತಾಭಸ್ಮವನ್ನು ವೈಕಿಕಿಯ ಕಡಲಿಗೆ ಒಪ್ಪಿಸಲಾಯಿತು.

ಸರ್ಫಿಂಗ್ ಒಲಿಂಪಿಕ್ಸ್ ಸೇರಬೇಕೆಂಬುದು ಡ್ಯೂಕ್‌ರ ಬಹುಕಾಲದ ಆಶೆಯಾಗಿತ್ತು. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಅದು ಕೈಗೂಡಿತು. ಮಹಿಳೆಯರ ಮೊದಲ ಸ್ವರ್ಣ ಗೆದ್ದ ಕರಿಸಾ ಮೂರ್ ಹುಟ್ಟಿ ಬೆಳೆದದ್ದು ಹೊನೊಲುಲುವಿನಲ್ಲಿಯೇ.

ಆ ಅಲೆ ನಮ್ಮ ದಡಕ್ಕೂ ಬಂದಿದೆ. ಮುಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಸಸಿಹಿತ್ಲು ತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. ಕರ್ನಾಟಕದ ರಮೇಶ್ ಬೂದಿಹಾಳ 2025ರಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಹೊನ್ನಾವರ ತಾಲ್ಲೂಕಿನ ಕಾಸರಕೋಡು ತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ದೊರೆಯಿತು. ಅದರ ಪಕ್ಕದ ಮಂಕಿಯಲ್ಲಿ ಪಾತಿ ದೋಣಿಯನ್ನು ಅಲೆ ದಾಟಿಸಬಲ್ಲ ಯುವಕರಿಗೆ ಕಡಲಿನ ನಾಡಿಮಿಡಿತವನ್ನು ಯಾರೂ ಕಲಿಸಬೇಕಿಲ್ಲ. ಅವರ ಕೈಗೆ ಹಲಗೆ, ತರಬೇತಿ ಮತ್ತು ಸಂಬಳದ ಭರವಸೆ ಸಿಕ್ಕರೆ ಆಟವೂ ಬೆಳೆದೀತು, ಪ್ರಾಣಗಳೂ ಉಳಿದಾವು. ಪದಕ ಕೊಟ್ಟು ಹೊಟ್ಟೆಪಾಡು ಮರೆತ ತಪ್ಪನ್ನು ಹವಾಯಿ ಒಮ್ಮೆ ಮಾಡಿದೆ. ನಾವು ಅದನ್ನು ಮಾಡಬೇಕಿಲ್ಲ.

ವೈಕಿಕಿಯಲ್ಲಿ 1990ರಲ್ಲಿ ಡ್ಯೂಕ್‌ರ ಕಂಚಿನ ಪ್ರತಿಮೆ ನಿಲ್ಲಿಸಲಾಯಿತು. ಪ್ರತಿಮೆಯ ಮುಖ ನಗರದ ಕಡೆಗಿದೆ, ಬೆನ್ನು ಕಡಲಿಗೆ. ಸರ್ಫರ್‌ಗಳು ಆಕ್ಷೇಪಿಸಿದರು. ಅಲೆಯನ್ನು ಬಲ್ಲವನು ಕಡಲಿಗೆ ಎಂದೂ ಬೆನ್ನು ತೋರುವುದಿಲ್ಲ ಎಂಬುದು ಅವರ ವಾದ. ಮಂಕಿಯ ಮೀನುಗಾರರನ್ನು ಕೇಳಿದರೂ ಅವರು ಇದನ್ನೇ ಹೇಳಿಯಾರು.